ಲ್ಯಾಪ್‌ಟಾಪ್ ಗಣಕದ ಪ್ರೊಸೆಸರ್: ಕಳಚುವ ಹಾಗೂ ಕೂಡಿಸುವ ಕ್ರಮ

ಪೀಠಿಕೆ

'ಗಣಕ' ಎಂಬ ಶಬ್ದವು ಕನ್ನಡಕ್ಕೆ ಹೊಸದಲ್ಲ. ಲೆಕ್ಕವನ್ನು ಬರೆಯುವ ಕರಣಿಕನನ್ನೂ ಗ್ರಹಗತಿಯನ್ನು ಎಣಿಸುವ ಜೋಯಿಸನನ್ನೂ ಪೂರ್ವಿಕರು ಗಣಕನೆಂದೇ ಕರೆದರು. ಅಂದು ಗಣಕನು ಮನುಷ್ಯನಾಗಿದ್ದನು. ಇಂದು ಗಣಕವು ಯಂತ್ರವಾಗಿದೆ. ಶಬ್ದದ ಲಿಂಗ ಬದಲಾಯಿತೇ ಹೊರತು ಎಣಿಸುವ ಕಾಯಕ ಬದಲಾಗಲಿಲ್ಲ.

ಶ್ರೀಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳಿಗೆ ಇಂದು ಭಕ್ತರು ದವಸಧಾನ್ಯಗಳ ಜೊತೆಗೆ ತಾವು ಬಳಸಿ ಬಿಟ್ಟ ಲ್ಯಾಪ್‌ಟಾಪ್ ಗಣಕಗಳನ್ನೂ ದಾಸೋಹವಾಗಿ ಅರ್ಪಿಸುವುದುಂಟು. ಹೀಗೆ ಬಂದ ಯಂತ್ರಗಳಲ್ಲಿ ಕೆಲವು ಚೆನ್ನಾಗಿ ನಡೆಯುತ್ತವೆ. ಕೆಲವು ಕಾದು ಕೆಂಡವಾಗಿ ನಡುವೆಯೇ ನಿಂತುಬಿಡುತ್ತವೆ. ಮತ್ತೆ ಕೆಲವು ಆಮೆಯ ನಡಿಗೆಯಲ್ಲಿ ಸಾಗಿ ವಿದ್ಯಾರ್ಥಿಯ ತಾಳ್ಮೆಯನ್ನು ಪರೀಕ್ಷಿಸುತ್ತವೆ. ಇಂಥವನ್ನು ಗುಜರಿಗೆ ಹಾಕುವುದೋ, ಸರಿಪಡಿಸಿ ಮತ್ತೊಬ್ಬ ಬಡ ವಿದ್ಯಾರ್ಥಿಯ ಕೈಗೆ ಕೊಡುವುದೋ ಎಂಬ ಪ್ರಶ್ನೆಗೆ ಉತ್ತರವು ಅನೇಕ ವೇಳೆ ಯಂತ್ರವನ್ನು ಬಿಚ್ಚಬಲ್ಲ ಒಂದು ಜೊತೆ ಎಚ್ಚರದ ಕೈಗಳನ್ನು ಅವಲಂಬಿಸಿರುತ್ತದೆ. ಯಂತ್ರದ ಹೃದಯವೆನಿಸಿದ ಪ್ರೊಸೆಸರನ್ನು ಅಪಾಯವಿಲ್ಲದಂತೆ ಕಳಚಿ, ಇನ್ನೊಂದನ್ನು ಕೂಡಿಸುವ ಕ್ರಮವನ್ನು ಪ್ರೌಢಶಾಲೆಯ ಮೇಲ್ತರಗತಿಯ ವಿದ್ಯಾರ್ಥಿಗಳಿಗೆ ಅರ್ಥವಾಗುವಂತೆ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ. ಈ ಕೆಲಸವನ್ನು ಅಧ್ಯಾಪಕರ ಸಮಕ್ಷಮದಲ್ಲಿಯೇ ಮಾಡತಕ್ಕದ್ದೆಂಬುದನ್ನು ಮೊದಲೇ ಹೇಳಿಬಿಡುವುದು ಉಚಿತ.

ಪ್ರೊಸೆಸರ್ ಎಂದರೇನು?

ಗಣಕಕ್ಕೆ ಕೊಟ್ಟ ಪ್ರತಿಯೊಂದು ಆಜ್ಞೆಯನ್ನು ಓದಿ, ಅರ್ಥಮಾಡಿಕೊಂಡು, ನೆರವೇರಿಸುವ ಅಂಗವೇ ಪ್ರೊಸೆಸರ್. ಒಂದೇ ಚಿಪ್ಪಿನಲ್ಲಿ ಅಡಕವಾಗಿ ಮಾರುಕಟ್ಟೆಗೆ ಬಂದ ಮೊದಲ ಪ್ರೊಸೆಸರುಗಳಲ್ಲಿ ಪ್ರಸಿದ್ಧವಾದುದು ಇಂಟೆಲ್ ಸಂಸ್ಥೆಯ 4004. ಅದು 1971ರಲ್ಲಿ ಹೊರಬಂದಿತು. ಜಪಾನಿನ ಬ್ಯುಸಿಕಾಂ ಎಂಬ ಕಂಪನಿಯ ಲೆಕ್ಕದ ಯಂತ್ರಕ್ಕಾಗಿ ರೂಪುಗೊಂಡ ಆ ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದುವು. ಅದೇ ಸಂಸ್ಥೆಯು 2013ರಲ್ಲಿ ಹೊರತಂದ 'ಹ್ಯಾಸ್‌ವೆಲ್' ಪೀಳಿಗೆಯ ನಾಲ್ಕು ತಿರುಳಿನ ಪ್ರೊಸೆಸರಿನಲ್ಲಿ ಸುಮಾರು 140 ಕೋಟಿ ಟ್ರಾನ್ಸಿಸ್ಟರುಗಳು ಹೆಬ್ಬೆರಳಿನ ಉಗುರಿಗಿಂತ ತುಸು ಹಿರಿದಾದ ಸಿಲಿಕಾನ್ ಬಿಲ್ಲೆಯ ಮೇಲೆ ನೆಲೆಗೊಂಡಿವೆ. ನಾಲ್ಕು ದಶಕಗಳಲ್ಲಿ ಸಾಧಿತವಾದ ಈ ಸೂಕ್ಷ್ಮತೆಯು ಬೆರಗನ್ನು ಹುಟ್ಟಿಸುವುದರೊಡನೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ: ಇಷ್ಟು ಸೂಕ್ಷ್ಮವಾದುದು ಒರಟು ಕೈಯನ್ನು ಸಹಿಸಲಾರದು.

ಈ ಬಿಲ್ಲೆಯು ಕೆಲಸ ಮಾಡುವಾಗ ಶಾಖವನ್ನು ಹೊರಸೂಸುತ್ತದೆ. ಆ ಶಾಖವನ್ನು ಹೊರಹಾಕಲು ಅದರ ಬೆನ್ನಿಗೆ ತಾಮ್ರದ ಹೀಟ್ ಸಿಂಕ್ ಅಂಟಿಕೊಂಡಿರುತ್ತದೆ. ಅದರಿಂದ ಹೊರಟ ಚಪ್ಪಟೆ ತಾಮ್ರದ ಕೊಳವೆಯೊಳಗೆ ಕಡಿಮೆ ಒತ್ತಡದಲ್ಲಿ ಸ್ವಲ್ಪ ದ್ರವವನ್ನು ತುಂಬಿ ಬಾಯಿ ಮುಚ್ಚಿರುತ್ತಾರೆ. ಬಿಸಿಯಾದ ತುದಿಯಲ್ಲಿ ದ್ರವ ಆವಿಯಾಗಿ, ಫ್ಯಾನಿನ ಬಳಿಯ ತಂಪಾದ ತುದಿಗೆ ಹರಿದು, ಅಲ್ಲಿ ಮತ್ತೆ ದ್ರವವಾಗಿ, ಬತ್ತಿಯಲ್ಲಿ ಎಣ್ಣೆ ಏರುವಂತೆ ಒಳಮೈಯ ನವಿರು ಜಾಲದ ಮೂಲಕ ಮೊದಲಿನ ಸ್ಥಾನಕ್ಕೆ ಮರಳುತ್ತದೆ. ಈ ಕೊಳವೆ ಬಾಗಿದರೆ ಅಥವಾ ಜಜ್ಜಿದರೆ ಪ್ರಯೋಜನಕ್ಕೆ ಬಾರದು.

ಕಳಚಬಹುದಾದುದು, ಕಳಚಲಾಗದುದು

ಎಲ್ಲ ಲ್ಯಾಪ್‌ಟಾಪುಗಳ ಪ್ರೊಸೆಸರನ್ನೂ ಕೈಯಿಂದ ಕಳಚಲು ಬರುವುದಿಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಇವುಗಳಲ್ಲಿ ಎರಡು ಬಗೆ. ಮೊದಲನೆಯ ಬಗೆಯಲ್ಲಿ ಪ್ರೊಸೆಸರಿನ ಅಡಿಯಲ್ಲಿ ಸೂಜಿಯಂಥ ನೂರಾರು ಪಿನ್ನುಗಳಿದ್ದು, ಅವು ಮದರ್‌ಬೋರ್ಡಿನ ಸಾಕೆಟ್ಟಿನ ರಂಧ್ರಗಳಲ್ಲಿ ಕೂಡುತ್ತವೆ. ಎರಡನೆಯ ಬಗೆಯಲ್ಲಿ ಪಿನ್ನುಗಳ ಬದಲು ಬೆಸುಗೆಯ ಪುಟ್ಟ ಗುಂಡುಗಳಿದ್ದು, ಕಾರ್ಖಾನೆಯಲ್ಲಿಯೇ ಪ್ರೊಸೆಸರನ್ನು ಬೋರ್ಡಿಗೆ ಬೆಸೆದುಬಿಟ್ಟಿರುತ್ತಾರೆ. ಇದನ್ನು ಬಿಡಿಸಲು ನಿಯಂತ್ರಿತ ಶಾಖವನ್ನು ಕೊಡುವ ವಿಶೇಷ ಯಂತ್ರ ಬೇಕು. ಶಾಲೆಯ ಮೇಜಿನ ಮೇಲೆ ಆಗತಕ್ಕ ಕೆಲಸ ಅದಲ್ಲ.

ಇಂಟೆಲ್ ಪ್ರೊಸೆಸರುಗಳಲ್ಲಿ ಈ ಭೇದವನ್ನು ಹೆಸರಿನ ಕೊನೆಯ ಅಕ್ಷರಗಳೇ ಬಹುಮಟ್ಟಿಗೆ ತಿಳಿಸುತ್ತವೆ. ಹ್ಯಾಸ್‌ವೆಲ್ ಪೀಳಿಗೆಯ 'ಐ7-4700 ಎಂಕ್ಯೂ' ಎಂಬುದು ಪಿನ್ನುಗಳುಳ್ಳದ್ದು. 'ಐ7-4700 ಎಚ್‌ಕ್ಯೂ' ಎಂಬುದು ಬೆಸೆದದ್ದು. ಒಂದೇ ಅಕ್ಷರದ ಅಂತರದಿಂದ ಕಾರ್ಯವೇ ಅಸಾಧ್ಯವಾಗುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಕಡೆಗಣಿಸಿದವನಿಗೆ ಅರ್ಥ ಕೆಡುವಂತೆಯೇ ಇದು. 'ಯು' ಎಂಬ ಅಕ್ಷರವುಳ್ಳ, ತೆಳ್ಳನೆಯ ಲ್ಯಾಪ್‌ಟಾಪುಗಳ ಪ್ರೊಸೆಸರುಗಳೆಲ್ಲ ಬೆಸೆದವೇ. 'ಎಂ' ಎಂಬ ಅಕ್ಷರವೊಂದನ್ನೇ ನಂಬುವಂತಿಲ್ಲ. 2011ರ 'ಐ5-2520 ಎಂ' ಎರಡು ಬಗೆಯಲ್ಲಿಯೂ ತಯಾರಾಗಿತ್ತು. 2015ರ ಸುಮಾರಿಗೆ ಬಂದ ಐದನೆಯ ಪೀಳಿಗೆಯಿಂದೀಚೆಗೆ ಇಂಟೆಲ್ಲಿನ ಲ್ಯಾಪ್‌ಟಾಪ್ ಪ್ರೊಸೆಸರುಗಳು ಬೆಸುಗೆಯ ಬಗೆಯವೇ ಆಗಿವೆ. ಮೇಜಿನ ಗಣಕದ ಪ್ರೊಸೆಸರನ್ನೇ ಅಳವಡಿಸಿದ ಕೆಲವು ಭಾರಿ ಲ್ಯಾಪ್‌ಟಾಪುಗಳು ಮಾತ್ರ ಇದಕ್ಕೆ ಅಪವಾದ. ಆದಕಾರಣ ಈ ಪಾಠವು ಮುಖ್ಯವಾಗಿ 2010ರಿಂದ 2014ರವರೆಗಿನ ಯಂತ್ರಗಳಿಗೆ ಅನ್ವಯಿಸುತ್ತದೆ. ದಾನವಾಗಿ ಬರುವ ಹಳೆಯ ಯಂತ್ರಗಳಲ್ಲಿ ಇಂಥವು ಇಂದಿಗೂ ಕಾಣಸಿಗುತ್ತವೆ.

ಉದಾಹರಣೆಗಾಗಿ 2013ರ 'ಥಿಂಕ್‌ಪ್ಯಾಡ್ ಟಿ440ಪಿ' ಎಂಬ ಲ್ಯಾಪ್‌ಟಾಪನ್ನು ಎತ್ತಿಕೊಳ್ಳಬಹುದು. ಇದರ ಪ್ರೊಸೆಸರ್ ಸಾಕೆಟ್ಟಿನಲ್ಲಿ ಕೂಡುವಂಥದು. ಅದರ ಅಡಿಯಲ್ಲಿ 946 ಪಿನ್ನುಗಳಿದ್ದು, ಇಡೀ ತಟ್ಟೆಯು ಪ್ರತಿ ಬದಿಗೆ ಸುಮಾರು ಮೂರೂಮುಕ್ಕಾಲು ಸೆಂಟಿಮೀಟರಿನಷ್ಟು ಮಾತ್ರ ಇದೆ.

ಬದಲಿಸುವ ಅಗತ್ಯವಿದೆಯೇ?

ಯಂತ್ರ ನಿಧಾನವಾದಾಗಲೆಲ್ಲ ಪ್ರೊಸೆಸರಿನ ಮೇಲೆ ಅಪವಾದ ಹೊರಿಸುವುದು ಸರಿಯಲ್ಲ. ಲ್ಯಾಪ್‌ಟಾಪಿನ ಅಂಗಗಳಲ್ಲಿ ತಾನಾಗಿ ಕೆಡುವುದು ಅತಿ ವಿರಳವಾದುದು ಪ್ರೊಸೆಸರೇ. ನಿಧಾನಕ್ಕೆ ಸಾಮಾನ್ಯ ಕಾರಣಗಳು ಮೂರು: ತಿರುಗುವ ಹಳೆಯ ಹಾರ್ಡ್ ಡಿಸ್ಕ್, ಸಾಲದ ರ‍್ಯಾಮ್, ಹಾಗೂ ಧೂಳಿನಿಂದ ಕಟ್ಟಿದ ಫ್ಯಾನು. ಹಾರ್ಡ್ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿ, ರ‍್ಯಾಮನ್ನು ಎಂಟು ಜಿಬಿಗೆ ಏರಿಸಿದರೆ ಯಂತ್ರಕ್ಕೆ ಹೊಸ ಜೀವ ಬಂದಂತೆ ಆಗುವುದು. ಯಂತ್ರವು ಕಾದು ನಿಲ್ಲುತ್ತಿದ್ದರೆ ಪ್ರೊಸೆಸರನ್ನು ಅದರ ಸ್ಥಾನದಲ್ಲಿಯೇ ಬಿಟ್ಟು, ಹೀಟ್ ಸಿಂಕನ್ನು ತೆಗೆದು ಧೂಳನ್ನು ನೀಗಿ, ಒಣಗಿದ ಥರ್ಮಲ್ ಪೇಸ್ಟನ್ನು ಬದಲಿಸಿದರೆ ಸಾಕಾಗಬಹುದು. ಬಯಲುಸೀಮೆಯ ಬೇಸಿಗೆಯಲ್ಲಿ ಈ ಕೆಲಸವೊಂದರಿಂದಲೇ ಅನೇಕ ಯಂತ್ರಗಳು ಉಳಿಯುತ್ತವೆ.

ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಹಿಂತಿರುಗಿ ಸುರಿದು ಬರುವಂತೆ ಹೇಳಿದ ಕಥೆ ಸುಪ್ರಸಿದ್ಧ. ಪ್ರೊಸೆಸರಿನ ವಿಷಯದಲ್ಲಿಯೂ ಈ ವಿವೇಕ ಬೇಕು. ಕನ್ನಡದಲ್ಲಿ ಪ್ರಬಂಧವನ್ನು ಬೆರಳಚ್ಚಿಸುವ, ಪಾಠದ ಚಿತ್ರಗಳನ್ನು ನೋಡುವ ಯಂತ್ರಕ್ಕೆ ಅತಿಬಲದ ಪ್ರೊಸೆಸರಿನ ಅಗತ್ಯವಿಲ್ಲ. ಪ್ರೊಸೆಸರ್ ನಿಜವಾಗಿ ಕೆಟ್ಟಿದ್ದರೆ, ಅಥವಾ ಚಿತ್ರಸಂಕಲನ, ಪ್ರೋಗ್ರಾಮಿಂಗ್ ಮುಂತಾದ ಭಾರದ ಕೆಲಸಕ್ಕೆ ಎರಡು ತಿರುಳಿನ ಪ್ರೊಸೆಸರ್ ಸಾಲದಿದ್ದರೆ ಮಾತ್ರ ಬದಲಾವಣೆಯ ಯೋಚನೆ ಯೋಗ್ಯ.

ಇನ್ನೊಂದು ಸಂಗತಿಯನ್ನೂ ಮರೆಮಾಚಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಈ ಹಳೆಯ ಪೀಳಿಗೆಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಪ್ರೊಸೆಸರನ್ನು ಅದೇ ಪೀಳಿಗೆಯ ಇನ್ನೊಂದರಿಂದ ಬದಲಿಸಿದ ಮಾತ್ರಕ್ಕೆ ಈ ತೊಡಕು ನೀಗದು. ಇಂಥ ಯಂತ್ರಗಳಿಗೆ ಉಚಿತವಾಗಿ ದೊರೆಯುವ ಲಿನಕ್ಸ್ ತಂತ್ರಾಂಶವೇ ಯುಕ್ತವಾದ ಮಾರ್ಗ.

ಹೊಂದಾಣಿಕೆಯ ವಿಚಾರ

ವರನನ್ನು ಗೊತ್ತುಮಾಡುವ ಮೊದಲು ಹಿರಿಯರು ಹತ್ತು ಕಡೆ ವಿಚಾರಿಸುವಂತೆ, ಪ್ರೊಸೆಸರನ್ನು ಕೊಳ್ಳುವ ಮೊದಲು ನಾಲ್ಕು ವಿಷಯಗಳನ್ನು ವಿಚಾರಿಸಬೇಕು.

ಮೊದಲನೆಯದು, ಸಾಕೆಟ್. 2010ರ, 2011–12ರ ಹಾಗೂ 2013ರ ಇಂಟೆಲ್ ಸಾಕೆಟ್ಟುಗಳು ಬೇರೆ ಬೇರೆ. ಮೊದಲಿನೆರಡರ ಪಿನ್ನುಗಳ ಸಂಖ್ಯೆ ಒಂದೇ, ಅಂದರೆ 988. ಆದರೂ ಪಿನ್ನುಗಳ ವಿನ್ಯಾಸ ಭಿನ್ನವಾಗಿರುವುದರಿಂದ ಒಂದರದು ಇನ್ನೊಂದಕ್ಕೆ ಕೂಡದು. ಎರಡನೆಯದು, ಬಯೋಸ್. ಮದರ್‌ಬೋರ್ಡಿನಲ್ಲಿ ನೆಲೆಸಿದ ಈ ಮೂಲ ತಂತ್ರಾಂಶವು ಹೊಸ ಪ್ರೊಸೆಸರನ್ನು ಗುರುತಿಸುವಂತಿರಬೇಕು. ಅದನ್ನು ಹೊಸ ಆವೃತ್ತಿಗೆ ಏರಿಸುವ ಅಗತ್ಯವಿದ್ದರೆ ಹಳೆಯ ಪ್ರೊಸೆಸರ್ ನಡೆಯುತ್ತಿರುವಾಗಲೇ ಏರಿಸಬೇಕು. ಹೊಸದನ್ನು ಕೂಡಿಸಿದ ಮೇಲೆ ಯಂತ್ರವೇ ಏಳದಿದ್ದರೆ ಏರಿಸುವ ದಾರಿ ಮುಚ್ಚಿಹೋಗುತ್ತದೆ. ಮೂರನೆಯದು, ಶಾಖ. 'ಐ5-4300 ಎಂ' ಎಂಬ ಎರಡು ತಿರುಳಿನ ಪ್ರೊಸೆಸರಿನ ಶಾಖದ ಅಳತೆ 37 ವ್ಯಾಟ್. ನಾಲ್ಕು ತಿರುಳುಳ್ಳ 'ಐ7-4702 ಎಂಕ್ಯೂ' ಎಂಬುದರದ್ದೂ 37 ವ್ಯಾಟ್. ಆದರೆ 'ಐ7-4700 ಎಂಕ್ಯೂ' ಎಂಬುದರದ್ದು 47 ವ್ಯಾಟ್. ಮೊದಲನೆಯದರ ಸ್ಥಾನದಲ್ಲಿ ಎರಡನೆಯದನ್ನು ಕೂಡಿಸಿದರೆ ಹಳೆಯ ಹೀಟ್ ಸಿಂಕಿಗೆ ಹೊಸ ಭಾರವಿಲ್ಲ. ಮೂರನೆಯದನ್ನು ಕೂಡಿಸಿದರೆ ಹತ್ತು ವ್ಯಾಟಿನ ಹೆಚ್ಚುವರಿ ಭಾರ ಬೀಳುವುದು. ನಾಲ್ಕನೆಯದು, ಚಾರ್ಜರಿನ ಶಕ್ತಿ. ಹೆಚ್ಚು ವಿದ್ಯುತ್ತನ್ನು ಬೇಡುವ ಪ್ರೊಸೆಸರಿಗೆ ಕಡಿಮೆ ವ್ಯಾಟಿನ ಚಾರ್ಜರ್ ಸಾಲದೆ ಹೋಗಬಹುದು.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಂಥ ಪೇಟೆಗಳಲ್ಲಿ ಬಳಸಿದ ಪ್ರೊಸೆಸರುಗಳು ದೊರೆಯುತ್ತವೆ. ಕೊಳ್ಳುವಾಗ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಪಿನ್ನುಗಳ ಸಾಲು ಕೂರಿಗೆಯ ಸಾಲಿನಂತೆ ನೇರವಾಗಿದೆಯೇ, ಸಿಲಿಕಾನ್ ಬಿಲ್ಲೆಯ ಅಂಚು ಒಡೆದಿಲ್ಲವೇ ಎಂಬುದನ್ನು ನೋಡಬೇಕು. 'ಪರೀಕ್ಷೆಗೆಂದು ತಯಾರಾದದ್ದು' ಎಂಬ ಗುರುತುಳ್ಳ ಮಾದರಿಗಳು ಅಗ್ಗವಾಗಿ ದೊರೆತರೂ ಕೊಳ್ಳತಕ್ಕವಲ್ಲ.

ಪೂರ್ವಸಿದ್ಧತೆ

ತಾಳೆಗರಿಯ ಕಟ್ಟನ್ನು ಬಿಚ್ಚುವ ವಿದ್ವಾಂಸನು ಮೊದಲು ಕೈ ತೊಳೆದು ಒರಸಿಕೊಳ್ಳುತ್ತಾನೆ. ಸ್ವಚ್ಛವಾದ ಮಣೆಯನ್ನು ಹಾಸುತ್ತಾನೆ. ಗರಿಯನ್ನು ಅಂಚಿನಲ್ಲಿ ಹಿಡಿಯುತ್ತಾನೆಯೇ ಹೊರತು ಅಕ್ಷರಗಳ ಮೇಲೆ ಬೆರಳಿಡುವುದಿಲ್ಲ. ಗರಿಗಳ ಕ್ರಮ ತಪ್ಪದಂತೆ ನೋಡಿಕೊಳ್ಳುತ್ತಾನೆ. ಲ್ಯಾಪ್‌ಟಾಪನ್ನು ಬಿಚ್ಚುವವನಿಗೂ ಈ ನಾಲ್ಕು ನಿಯಮಗಳೇ ಆಧಾರ.

ಬೇಕಾಗುವ ಸಲಕರಣೆಗಳು ಇವು: ಪೇಟೆಯಲ್ಲಿ 'ಸ್ಟಾರ್' ಎಂದು ಕರೆಯುವ ಸಣ್ಣ ಸ್ಕ್ರೂ ಡ್ರೈವರುಗಳು, ಚಪ್ಪಟೆ ಬಾಯಿಯ ಚಿಕ್ಕ ಸ್ಕ್ರೂ ಡ್ರೈವರ್, ಒಳ್ಳೆಯ ಥರ್ಮಲ್ ಪೇಸ್ಟ್, ಶೇಕಡಾ 90ಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಮೆತ್ತನೆಯ ಬಟ್ಟೆ, ಮೃದುವಾದ ಕುಂಚ, ಹಾಗೂ ಮಣಿಕಟ್ಟಿಗೆ ಕಟ್ಟುವ ಆಂಟಿಸ್ಟ್ಯಾಟಿಕ್ ಪಟ್ಟಿ. ಕೈ ಶುಚಿಗೆ ಬಳಸುವ ಸ್ಯಾನಿಟೈಸರನ್ನಾಗಲಿ, ಉಗುರುಬಣ್ಣ ತೆಗೆಯುವ ದ್ರವವನ್ನಾಗಲಿ ಆಲ್ಕೋಹಾಲಿನ ಬದಲು ಬಳಸಕೂಡದು. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುವ ದ್ರವವಾದುದರಿಂದ ಸಮೀಪದಲ್ಲಿ ದೀಪ, ಊದುಬತ್ತಿಗಳಿರಬಾರದು.

ಸ್ಥಾಯಿ ವಿದ್ಯುತ್ತಿನ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. ಚಳಿಗಾಲದ ಒಣ ಹವೆಯಲ್ಲಿ ತಲೆ ಬಾಚಿದ ಬಾಚಣಿಗೆಯು ಕಾಗದದ ಚೂರುಗಳನ್ನು ಸೆಳೆಯುವುದು ಎಲ್ಲರೂ ಬಲ್ಲ ಸಂಗತಿ. ಇದೇ ವಿದ್ಯುತ್ತು ಮನುಷ್ಯನ ಮೈಯಲ್ಲಿಯೂ ಸೇರುತ್ತದೆ. ಸುಮಾರು 3,000 ವೋಲ್ಟಿಗಿಂತ ಕಡಿಮೆಯ ವಿಸರ್ಜನೆ ಮನುಷ್ಯನ ಅರಿವಿಗೆ ಬರುವುದೇ ಇಲ್ಲ. ಸೂಕ್ಷ್ಮ ಚಿಪ್ಪುಗಳು ಕೆಡಲು ಕೆಲವು ನೂರು ವೋಲ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಸಾಕು. ಅಂದರೆ ಕೈಗೆ ಚುರುಕ್ಕೆನ್ನದೆಯೇ ಚಿಪ್ಪು ಸಾಯಬಹುದು. ಆದಕಾರಣ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿ, ಅದರ ಇನ್ನೊಂದು ತುದಿಯನ್ನು ಬಣ್ಣವಿಲ್ಲದ ಲೋಹದ ಭಾಗಕ್ಕೆ ಸಿಕ್ಕಿಸಬೇಕು. ಬರಿ ತಂತಿಯನ್ನು ಕೈಗೆ ಸುತ್ತಿ ಗೋಡೆಯ ಪ್ಲಗ್ಗಿನ ರಂಧ್ರಕ್ಕೆ ತೂರಿಸುವ ಸಾಹಸವು ಪ್ರಾಣಕ್ಕೇ ಎರವಾದೀತು. ಅದನ್ನು ಎಂದಿಗೂ ಮಾಡಕೂಡದು. ರೇಷ್ಮೆ, ಉಣ್ಣೆ, ನೈಲಾನ್ ಬಟ್ಟೆಗಳನ್ನು ತೊಟ್ಟು, ಜಮಖಾನೆಯ ಮೇಲೆ ಕುಳಿತು ಈ ಕೆಲಸಕ್ಕೆ ತೊಡಗಬಾರದು.

ಯಂತ್ರದಲ್ಲಿರುವ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಬಿಟ್‌ಲಾಕರ್ ಎಂಬ ಬೀಗವನ್ನು ಹಾಕಿದ್ದರೆ ಅದರ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಅಂಗ ಬದಲಾದುದನ್ನು ಕಂಡ ಯಂತ್ರವು ಅದನ್ನು ಕೇಳಬಹುದು. ತಯಾರಕರು ಆಯಾ ಮಾದರಿಗೆ ಪ್ರಕಟಿಸಿದ ದುರಸ್ತಿ ಕೈಪಿಡಿ ದೊರೆತರೆ ಅದೇ ಪರಮ ಪ್ರಮಾಣ.

ಬಿಚ್ಚುವ ಕ್ರಮ

ಯಂತ್ರವನ್ನು ಐದು ನಿಮಿಷ ನಡೆಸಿದರೆ ಹಳೆಯ ಪೇಸ್ಟು ಮೆದುವಾಗುತ್ತದೆ. ಆಮೇಲೆ ಅದನ್ನು ಪೂರ್ಣವಾಗಿ ಮುಚ್ಚಿ, ಚಾರ್ಜರನ್ನು ಕಿತ್ತು, ಬ್ಯಾಟರಿಯನ್ನು ತೆಗೆಯಬೇಕು. ಬ್ಯಾಟರಿ ಒಳಗೆ ಅಡಗಿದ್ದರೆ ಅಡಿಯ ಮುಚ್ಚಳವನ್ನು ತೆಗೆದೊಡನೆ ಮೊಟ್ಟಮೊದಲು ಅದರ ಕನೆಕ್ಟರನ್ನು ಬಿಡಿಸಬೇಕು. ಬ್ಯಾಟರಿ ಉಬ್ಬಿದ್ದರೆ ಒತ್ತುವುದು, ಮೀಟುವುದು, ಚುಚ್ಚುವುದು ಸರ್ವಥಾ ನಿಷಿದ್ಧ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹೊತ್ತುವುದು. ಅಂಥ ಯಂತ್ರವನ್ನು ಬಲ್ಲವರ ಕೈಗೊಪ್ಪಿಸುವುದೇ ಲೇಸು. ವಿದ್ಯುತ್ತಿನ ಎಲ್ಲ ಮೂಲಗಳನ್ನೂ ತಪ್ಪಿಸಿದ ಮೇಲೆ ಆನ್ ಗುಂಡಿಯನ್ನು ಹದಿನೈದು ಸೆಕೆಂಡು ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತು ಬರಿದಾಗುತ್ತದೆ.

ಕೆಲವು ಮಾದರಿಗಳಲ್ಲಿ ಅಡಿಯ ಮುಚ್ಚಳವನ್ನು ತೆಗೆದರೆ ಹೀಟ್ ಸಿಂಕ್ ಕಾಣುತ್ತದೆ. ಕೆಲವುಗಳಲ್ಲಿ ಕೀಬೋರ್ಡನ್ನೂ ಅದರ ಸುತ್ತಲ ಚೌಕಟ್ಟನ್ನೂ ಕಳಚಬೇಕಾಗುತ್ತದೆ. ಪ್ರತಿ ಹಂತದಲ್ಲಿಯೂ ಒಂದು ಚಿತ್ರವನ್ನು ತೆಗೆದುಕೊಳ್ಳಬೇಕು. ಒಂದು ರಟ್ಟಿನ ಮೇಲೆ ಯಂತ್ರದ ಆಕೃತಿಯನ್ನು ಬರೆದು, ಯಾವ ಸ್ಥಳದ ಸ್ಕ್ರೂ ಬಂದಿತೋ ಆ ಸ್ಥಳದಲ್ಲಿಯೇ ಚುಚ್ಚಿಡುವುದು ಉತ್ತಮ ಅಭ್ಯಾಸ. ಗಿಡ್ಡ ಸ್ಕ್ರೂವಿನ ಸ್ಥಾನದಲ್ಲಿ ಉದ್ದನೆಯದನ್ನು ತಿರುಗಿಸಿದರೆ ಅದರ ತುದಿ ಬೋರ್ಡನ್ನು ತೂರಿ ಹಾಳುಮಾಡಬಹುದು. ಗರಿಗಳ ಕ್ರಮ ತಪ್ಪಿದ ಗ್ರಂಥವನ್ನು ಮತ್ತೆ ಜೋಡಿಸಬಹುದು; ತೂತುಬಿದ್ದ ಬೋರ್ಡನ್ನು ಜೋಡಿಸಲಾಗದು.

ಫ್ಯಾನಿನ ಕನೆಕ್ಟರನ್ನು ತಂತಿ ಹಿಡಿದು ಎಳೆಯದೆ, ಅದರ ಪ್ಲಾಸ್ಟಿಕ್ ತಲೆಯನ್ನು ಹಿಡಿದು ಬಿಡಿಸಬೇಕು. ಹೀಟ್ ಸಿಂಕಿನ ಸ್ಕ್ರೂಗಳ ಬಳಿ 1, 2, 3, 4 ಎಂಬ ಅಂಕಿಗಳು ಸಾಮಾನ್ಯವಾಗಿ ಇರುತ್ತವೆ. ಬಿಚ್ಚುವಾಗ ಈ ಸಂಖ್ಯೆಗಳ ವಿಲೋಮ ಕ್ರಮ. ಬಿಗಿಯುವಾಗ ಅನುಲೋಮ ಕ್ರಮ. ಒಂದನ್ನೇ ಪೂರ್ತಿ ಸಡಿಲಿಸದೆ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತ ಬರಬೇಕು. ಎಲ್ಲವೂ ಸಡಿಲವಾದ ಮೇಲೆ ಹೀಟ್ ಸಿಂಕನ್ನು ಎಡಬಲಕ್ಕೆ ತುಸುವೇ ಹೊರಳಿಸಿ ನೇರವಾಗಿ ಮೇಲಕ್ಕೆತ್ತಬೇಕು. ಸ್ಕ್ರೂ ಡ್ರೈವರನ್ನು ಸಂದಿಗೆ ತೂರಿಸಿ ಮೀಟಿದರೆ ಬಿಲ್ಲೆಯ ಅಂಚು ಒಡೆಯುವುದು ಖಚಿತ. ಮೇಜಿನ ಗಣಕದ ಪ್ರೊಸೆಸರಿನ ಮೇಲೆ ಲೋಹದ ಕವಚವಿರುತ್ತದೆ. ಲ್ಯಾಪ್‌ಟಾಪಿನದಕ್ಕೆ ಆ ಕವಚವಿಲ್ಲ. ಬರಿಯ ಸಿಲಿಕಾನ್ ಗಾಜಿನಂತೆ ಪೆಡಸು.

ಪ್ರೊಸೆಸರನ್ನು ಕಳಚುವುದು

ಸಾಕೆಟ್ಟಿನ ಒಂದು ಬದಿಯಲ್ಲಿ ಚಪ್ಪಟೆ ಸ್ಕ್ರೂ ಡ್ರೈವರಿಗೆ ಒಗ್ಗುವ ಬೀಗವೂ, ಅದರ ಪಕ್ಕದಲ್ಲಿ ಮುಚ್ಚಿದ ಹಾಗೂ ತೆರೆದ ಬೀಗದ ಪುಟ್ಟ ಚಿತ್ರಗಳೂ ಇರುತ್ತವೆ. ತೆರೆದ ಚಿತ್ರದ ಕಡೆಗೆ ಅರ್ಧ ಸುತ್ತು ತಿರುಗಿಸಬೇಕು. ಅದು ನಿಂತಲ್ಲಿಂದ ಮುಂದೆ ಬಲ ಹಾಕಬಾರದು. ಬೀಗ ತೆರೆದೊಡನೆ ಒಳಗಿನ ಹಿಡಿತವೆಲ್ಲ ಸಡಿಲವಾಗುವುದರಿಂದ ಪ್ರೊಸೆಸರನ್ನು ಎತ್ತಲು ಬಲವೇ ಬೇಡ. ಎತ್ತುವಾಗ ಬಲ ಬೇಕೆನಿಸಿದರೆ ಬೀಗ ಇನ್ನೂ ತೆರೆದಿಲ್ಲವೆಂದೇ ಅರ್ಥ.

ಎತ್ತುವ ಮುನ್ನ ಒಂದು ಮೂಲೆಯಲ್ಲಿರುವ ಚಿನ್ನದ ಬಣ್ಣದ ತ್ರಿಕೋನದ ಗುರುತು ಯಾವ ದಿಕ್ಕಿಗಿದೆ ಎಂಬುದನ್ನು ನೋಡಿಟ್ಟುಕೊಳ್ಳಬೇಕು. ಅನಂತರ ಎದುರುಬದುರಿನ ಅಂಚುಗಳನ್ನು ಹಿಡಿದು, ಓರೆಯಾಗಿಸದೆ, ನೇರವಾಗಿ ಮೇಲಕ್ಕೆತ್ತಬೇಕು. ಪಿನ್ನುಗಳನ್ನು ಮುಟ್ಟಬಾರದು. ತೆಗೆದುದನ್ನು ಆಂಟಿಸ್ಟ್ಯಾಟಿಕ್ ಡಬ್ಬಿಯಲ್ಲಿಡಬೇಕು. ಹೊಸದು ನಡೆಯದೆ ಹೋದಲ್ಲಿ ದೋಷವೆಲ್ಲಿದೆ ಎಂದು ತಿಳಿಯಲು ಹಳೆಯದೇ ಸಾಕ್ಷಿಯಾದೀತು. ಆದಕಾರಣ ಅದನ್ನು ಅಲಕ್ಷಿಸಬಾರದು.

ಹೊಸದನ್ನು ಕೂಡಿಸುವುದು

ಸಾಕೆಟ್ಟಿನಲ್ಲಿ ಧೂಳು, ಕೂದಲು, ಪೇಸ್ಟಿನ ಕಣಗಳಿಲ್ಲವೆಂಬುದನ್ನು ಬೆಳಕಿನಲ್ಲಿ ನೋಡಬೇಕು. ಬಾಯಿಂದ ಊದಬಾರದು, ಉಗುಳಿನ ತೇವ ಸೇರುತ್ತದೆ. ಬೀಗ ತೆರೆದ ಸ್ಥಿತಿಯಲ್ಲಿರುವುದನ್ನು ಖಚಿತಪಡಿಸಿಕೊಂಡು, ತ್ರಿಕೋನದ ಗುರುತನ್ನು ಸಾಕೆಟ್ಟಿನ ಗುರುತಿಗೆ ಸರಿಹೊಂದಿಸಿ, ಪ್ರೊಸೆಸರನ್ನು ಮೆಲ್ಲನೆ ಇಳಿಬಿಡಬೇಕು. ಅದು ತನ್ನ ಭಾರದಿಂದಲೇ ಕೂಡುತ್ತದೆ. ಒತ್ತಬಾರದು. ಒಂದು ಮೂಲೆ ಮೇಲೆದ್ದಂತೆ ಕಂಡರೆ ಎತ್ತಿ ಪಿನ್ನುಗಳನ್ನು ಮತ್ತೆ ಪರೀಕ್ಷಿಸಬೇಕು. ಸಮವಾಗಿ ಕುಳಿತ ಮೇಲೆ ಬೀಗವನ್ನು ಮುಚ್ಚಿದ ಚಿತ್ರದ ಕಡೆಗೆ ಅರ್ಧ ಸುತ್ತು ತಿರುಗಿಸಬೇಕು.

ಬಾಗಿದ ಪಿನ್ನು ಕಂಡರೆ ಎದೆಗುಂದಬೇಕಾದುದಿಲ್ಲ. ಕಡ್ಡಿಯನ್ನು ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ಲಿನ ಟೊಳ್ಳು ತುದಿಯನ್ನು ಆ ಪಿನ್ನಿಗೆ ತೊಡಿಸಿ, ಕೂದಲೆಳೆಯಷ್ಟೇ ಚಲನೆಯಿಂದ ನೇರಗೊಳಿಸಬಹುದು. ಹಿಂದಕ್ಕೂ ಮುಂದಕ್ಕೂ ಪದೇ ಪದೇ ಬಾಗಿಸಿದರೆ ಅದು ಮುರಿಯುತ್ತದೆ. ಮುರಿದ ಪಿನ್ನಿಗೆ ಶಾಲೆಯ ಮೇಜಿನ ಮೇಲೆ ಮದ್ದಿಲ್ಲ.

ಮುಂದಿನದು ಪೇಸ್ಟಿನ ಕಾರ್ಯ. ಬಿಲ್ಲೆಯ ಮೇಲೂ ತಾಮ್ರದ ಮೇಲೂ ಉಳಿದ ಹಳೆಯ ಪೇಸ್ಟನ್ನು ಆಲ್ಕೋಹಾಲಿನಲ್ಲಿ ತುಸು ನೆನೆದ ಬಟ್ಟೆಯಿಂದ ಕನ್ನಡಿಯಂತೆ ಹೊಳೆಯುವವರೆಗೆ ಒರಸಿ, ಆರಲು ಬಿಡಬೇಕು. ಫ್ಯಾನಿನ ಹಾಗೂ ರೆಕ್ಕೆಗಳ ನಡುವಿನ ಧೂಳಿನ ಕಂಬಳಿಯನ್ನು ಕುಂಚದಿಂದ ತೆಗೆಯಲು ಇದೇ ಸಮಯ. ಪೇಸ್ಟಿನ ಪ್ರಯೋಜನವೇನೆಂಬುದನ್ನು ತಿಳಿದರೆ ಅದರ ಪ್ರಮಾಣ ತಾನಾಗಿ ತಿಳಿಯುತ್ತದೆ. ಕಣ್ಣಿಗೆ ನುಣುಪಾಗಿ ಕಾಣುವ ಎರಡು ಮೈಗಳ ನಡುವೆಯೂ ಸೂಕ್ಷ್ಮ ಹಳ್ಳಗಳಿದ್ದು, ಅಲ್ಲಿ ಗಾಳಿ ನಿಲ್ಲುತ್ತದೆ. ಶಾಖವನ್ನು ಸಾಗಿಸುವ ಶಕ್ತಿಯಲ್ಲಿ ತಾಮ್ರದ ಅಳತೆ ಸುಮಾರು 400 ಆದರೆ ಗಾಳಿಯದು 0.026 ಮಾತ್ರ. ಪೇಸ್ಟು ಆ ಗಾಳಿಯನ್ನು ಹೊರದೂಡಿ ಹಳ್ಳಗಳನ್ನು ತುಂಬುತ್ತದೆ. ಆದರೆ ಪೇಸ್ಟು ಗಾಳಿಗಿಂತ ಮೇಲಾದರೂ ತಾಮ್ರಕ್ಕಿಂತ ಬಹಳ ಕೀಳು. ದಪ್ಪನೆ ಮೆತ್ತಿದರೆ ಅದೇ ಅಡ್ಡಗೋಡೆಯಾಗುತ್ತದೆ. ಒಂದು ಜೋಳದ ಕಾಳಿನಷ್ಟು ಪೇಸ್ಟು ಸಾಕು. ಅದು ವಿಭೂತಿಯ ಲೇಪದಂತೆ ತೆಳುವಾಗಿ ಬಿಲ್ಲೆಯನ್ನು ಆವರಿಸಬೇಕು. 'ದ್ರವಲೋಹ' ಎಂಬ ಬಗೆಯ ಪೇಸ್ಟು ವಿದ್ಯುತ್ತನ್ನು ಹರಿಸುವುದಲ್ಲದೆ ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ. ಅಭ್ಯಾಸಿಗಳು ಅದರ ಗೊಡವೆಗೆ ಹೋಗಬಾರದು. ಪಕ್ಕದ ಚಿಪ್ಪುಗಳ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡುಗಳಿದ್ದರೆ ಅವನ್ನು ಇದ್ದಲ್ಲಿಯೇ ಉಳಿಸಬೇಕು. ಅವುಗಳ ಬದಲು ಪೇಸ್ಟನ್ನು ಹಚ್ಚಿದರೆ ನಡುವಿನ ಅಂತರ ತುಂಬದು.

ಹೀಟ್ ಸಿಂಕನ್ನು ನೇರವಾಗಿ ಇಳಿಸಿ, ಅಂಕಿಗಳ ಕ್ರಮದಲ್ಲಿ ಪ್ರತಿ ಸ್ಕ್ರೂವನ್ನೂ ಎರಡೆರಡು ಸುತ್ತಿನಂತೆ ಬಿಗಿಯುತ್ತ ಬರಬೇಕು. ಅಂಕಿಗಳಿಲ್ಲದಿದ್ದರೆ ಮೂಲೆಯಿಂದ ಎದುರು ಮೂಲೆಗೆ ಸಾಗಬೇಕು. ಒಂದೇ ಕಡೆ ಬಿಗಿದರೆ ಬಿಲ್ಲೆಯ ಆ ಅಂಚಿಗೆ ಭಾರವೆಲ್ಲ ಬಿದ್ದು ಸೀಳುವ ಭಯವಿದೆ. ಸ್ಕ್ರೂ ತಾನಾಗಿ ನಿಂತಲ್ಲಿಗೆ ಬಿಗಿತ ಮುಗಿಯಿತು. ಫ್ಯಾನಿನ ಕನೆಕ್ಟರನ್ನು ಮರೆಯದೆ ಸೇರಿಸಬೇಕು. ಇದನ್ನು ಮರೆತು ಮುಚ್ಚಳ ಹಾಕುವುದೇ ಈ ಕೆಲಸದಲ್ಲಿ ಸಾಮಾನ್ಯವಾಗಿ ಆಗುವ ಪ್ರಮಾದ.

ಪರೀಕ್ಷೆ

ಕೊನೆಯಲ್ಲಿ ಬ್ಯಾಟರಿ, ಆಮೇಲೆ ಚಾರ್ಜರ್. ಮೊದಲ ಸಲ ಯಂತ್ರವನ್ನು ಚಾಲೂ ಮಾಡಿದಾಗ ಬಯೋಸ್ ಪರದೆಯನ್ನು ತೆರೆದು ಹೊಸ ಪ್ರೊಸೆಸರಿನ ಹೆಸರು ಸರಿಯಾಗಿ ಕಾಣುತ್ತದೆಯೇ ಎಂದು ನೋಡಬೇಕು. ಮೊದಲ ಬಾರಿಗೆ ಏಳುವಾಗ ತುಸು ಹೆಚ್ಚು ಹೊತ್ತು ಹಿಡಿಯಬಹುದು. ಫ್ಯಾನು ತಿರುಗುವ ಸದ್ದನ್ನು ಆಲಿಸಬೇಕು. ಅನಂತರ ಉಷ್ಣತೆಯನ್ನು ತೋರಿಸುವ ತಂತ್ರಾಂಶದಿಂದ ಅಳೆಯಬೇಕು. ಮೇಲೆ ಹೇಳಿದ ಹ್ಯಾಸ್‌ವೆಲ್ ಪ್ರೊಸೆಸರುಗಳಿಗೆ 100 ಡಿಗ್ರಿ ಸೆಲ್ಸಿಯಸ್ ಮೇರೆ. ಆ ಮೇರೆಯನ್ನು ಮುಟ್ಟಿದರೆ ಅವು ತಾವೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಇನ್ನೂ ಏರಿದರೆ ಯಂತ್ರ ನಿಂತುಹೋಗುತ್ತದೆ. ಅರ್ಧ ಗಂಟೆ ಭಾರದ ಕೆಲಸ ಕೊಟ್ಟಾಗ ಉಷ್ಣತೆಯು ಮೇರೆಗಿಂತ ಹತ್ತು ಡಿಗ್ರಿಯಾದರೂ ಕೆಳಗೆ ನಿಂತರೆ ಕೆಲಸ ಸಫಲವಾಯಿತೆಂದು ತಿಳಿಯಬಹುದು. ಚಾಲೂ ಮಾಡಿದ ಒಂದೆರಡು ನಿಮಿಷಗಳಲ್ಲಿಯೇ ಮೇರೆ ಮುಟ್ಟಿದರೆ ಹೀಟ್ ಸಿಂಕ್ ಸಮವಾಗಿ ಕುಳಿತಿಲ್ಲ. ಕೂಡಲೇ ಆರಿಸಿ, ತೆಗೆದು, ಪೇಸ್ಟನ್ನು ಹೊಸದಾಗಿ ಹಚ್ಚಬೇಕು. ಒಮ್ಮೆ ಎತ್ತಿದ ಮೇಲೆ ಹಳೆಯ ಲೇಪವನ್ನೇ ಮರಳಿ ಒತ್ತುವುದು ಸರಿಯಲ್ಲ.

ಯಂತ್ರ ಏಳದಿದ್ದರೆ ಗಾಬರಿಯಿಂದ ಎಲ್ಲವನ್ನೂ ಒಮ್ಮೆಗೇ ಕೀಳಬಾರದು. ಮೊದಲು ವಿದ್ಯುತ್ತಿನ ಮೂಲವನ್ನೂ, ಎರಡನೆಯದಾಗಿ ರ‍್ಯಾಮ್ ಸರಿಯಾಗಿ ಕುಳಿತಿದೆಯೇ ಎಂಬುದನ್ನೂ, ಮೂರನೆಯದಾಗಿ ಬಿಡಿಸಿದ್ದ ಕನೆಕ್ಟರುಗಳನ್ನೂ, ಕೊನೆಯದಾಗಿ ಸಾಕೆಟ್ಟಿನ ಬೀಗವನ್ನೂ ಪಿನ್ನುಗಳನ್ನೂ ನೋಡಬೇಕು. ಎಲ್ಲವೂ ಸರಿಯಿದ್ದು ಯಂತ್ರ ಏಳದಿದ್ದರೆ ಹಳೆಯ ಪ್ರೊಸೆಸರನ್ನು ಮರಳಿ ಕೂಡಿಸಬೇಕು. ಅದರಿಂದ ಯಂತ್ರ ಎದ್ದರೆ ದೋಷ ಹೊಸ ಪ್ರೊಸೆಸರಿನದು, ಅಥವಾ ಅದನ್ನು ಬಯೋಸ್ ಒಪ್ಪಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡುವ ಈ ರೀತಿಯು ತರ್ಕಶಾಸ್ತ್ರದ ಅನ್ವಯ-ವ್ಯತಿರೇಕ ನ್ಯಾಯವೇ ಆಗಿದೆ: ಒಂದು ಇದ್ದಾಗ ಫಲವಿದ್ದು, ಇಲ್ಲದಾಗ ಫಲವಿಲ್ಲವಾದರೆ ಅದೇ ಕಾರಣ.

ಉಪಸಂಹಾರ

ಬಳಕೆಗೆ ಬಾರದ ಪ್ರೊಸೆಸರು, ಬ್ಯಾಟರಿ, ಬೋರ್ಡುಗಳನ್ನು ತಿಪ್ಪೆಗೆ ಎಸೆಯುವುದಾಗಲಿ ಸುಡುವುದಾಗಲಿ ಸಲ್ಲದು. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಪ್ರೊಸೆಸರು, ಬೋರ್ಡುಗಳು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು. ಆದರೆ ಅದಕ್ಕೂ ಮೊದಲಿನ ಕರ್ತವ್ಯವೆಂದರೆ ತ್ಯಾಜ್ಯವಲ್ಲದುದನ್ನು ತ್ಯಾಜ್ಯವಾಗಿಸದಿರುವುದು.

ಶರಣರ ಮಂಟಪದಲ್ಲಿ ಹಗ್ಗ ಹೊಸೆಯುವ ಚಂದಯ್ಯನಿಗೂ ಬಟ್ಟೆ ಮಡಿಮಾಡುವ ಮಾಚಯ್ಯನಿಗೂ ದೋಣಿ ನಡೆಸುವ ಚೌಡಯ್ಯನಿಗೂ ಆಸನವಿತ್ತು. ಕೈಯ ಕೆಲಸಕ್ಕೆ ಕೀಳುತನವಿಲ್ಲವೆಂಬುದು ಆ ಪರಂಪರೆಯ ತಿರುಳು. ಸ್ಕ್ರೂ ಡ್ರೈವರ್ ಹಿಡಿದ ವಿದ್ಯಾರ್ಥಿಯ ಕೈಯೂ ಆ ಸಾಲಿಗೆ ಸೇರತಕ್ಕದ್ದೇ. ಆದರೆ ಕಾಯಕವೆಂಬ ಹೆಸರು ಸುಮ್ಮನೆ ಬಾರದು. ತಾನು ಬಿಚ್ಚುತ್ತಿರುವ ಯಂತ್ರ ತನ್ನದಲ್ಲ, ಯಾರೋ ಭಕ್ತರು ಕೊಟ್ಟದ್ದು, ಇನ್ನಾರೋ ಮಗು ಅದರಲ್ಲಿ ಓದಬೇಕಾದುದು ಎಂಬ ಅರಿವು ಬೆರಳ ತುದಿಯಲ್ಲಿ ನಿಂತಾಗ ಮಾತ್ರ ಅದು ಕಾಯಕವಾಗುತ್ತದೆ. ಅವಸರದಲ್ಲಿ ಬಾಗಿದ ಒಂದು ಪಿನ್ನಿನಿಂದ ಒಬ್ಬ ವಿದ್ಯಾರ್ಥಿಯ ವರ್ಷದ ಓದು ನಿಲ್ಲಬಹುದು. ತಾಳ್ಮೆಯಿಂದ ಕೂಡಿಸಿದ ಒಂದು ಬಿಲ್ಲೆಯಿಂದ ಗುಜರಿಯ ದಾರಿ ಹಿಡಿದ ಯಂತ್ರವು ಮರಳಿ ಪಾಠದ ಮೇಜಿಗೆ ಬರಬಹುದು. ಎರಡೂ ನಡೆಯುವುದು ಅದೇ ಕೈಯಿಂದ. ಆ ಕೈಗೆ ಎಚ್ಚರವನ್ನು ಕಲಿಸುವುದೇ ವಿದ್ಯೆಯ ಮೊದಲ ಕೆಲಸ.